ಬಾತುಕೋಳಿಗಳಿಗೆ ಮನೆ ಕಟ್ಟಿದ ವರ್ಷ

ನಾನು ಹುಟ್ಟಿ ಬೆಳೆದದ್ದು ಕುಷ್ಟಗಿ ತಾಲೂಕಿನ ಒಂದು ಒಣ ಬೇಸಾಯದ ಹಳ್ಳಿಯಲ್ಲಿ. ಅಲ್ಲಿ ನೀರೆಂದರೆ ಕೊಳವೆಬಾವಿ, ಮಳೆ ಬಂದರೆ ನಾಲ್ಕು ದಿನ ಹರಿಯುವ ಹಳ್ಳ. ನೀರಿನ ಮೇಲೆ ತೇಲುವ ಹಕ್ಕಿಯನ್ನು ನಾನು ಹತ್ತಿರದಿಂದ ನೋಡಿದ್ದು ನಲವತ್ತು ದಾಟಿದ ಮೇಲೆ, ಗಂಗಾವತಿ ಕಡೆಯ ಕಾಲುವೆ ಊರೊಂದರ ಪ್ರಾಥಮಿಕ ಶಾಲೆಗೆ ಶಿಕ್ಷಕಿಯಾಗಿ ವರ್ಗವಾಗಿ ಬಂದಾಗ. ನಮ್ಮ ಮನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಒಂದು ವರ್ಷ ಅಲೆದಾಡಿ ಅವರೂ ಅದೇ ಕಡೆಗೆ ವರ್ಗ ಮಾಡಿಸಿಕೊಂಡು ಬಂದರು. ಮಗಳು ಕೊಪ್ಪಳದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ.

ನಾವು ಬಾಡಿಗೆಗೆ ಹಿಡಿದದ್ದು ಸಾಲಿನ ಕಡೆಯ ಮನೆ. ಹಿಂದೆ ದೊಡ್ಡ ಹಿತ್ತಲು. ಹಿತ್ತಲಿನ ಗೋಡೆ ಎರಡು ಕಡೆ ಬಿದ್ದಿತ್ತು. ಅದರಾಚೆ ಗದ್ದೆಗೆ ನೀರು ಹಾಯಿಸುವ ಸಣ್ಣ ಕಾಲುವೆ, ಕಾಲುವೆಯಂಚಿಗೆ ಆಳೆತ್ತರದ ಜೊಂಡು, ಆಮೇಲೆ ಕಣ್ಣು ಹೋಗುವವರೆಗೂ ಭತ್ತ. ಪಕ್ಕದ ಮನೆಯವರು ಎಷ್ಟೋ ವರ್ಷಗಳ ಹಿಂದೆ ಆಂಧ್ರದಿಂದ ಬಂದು ಇಲ್ಲಿ ನೆಲೆಸಿ ಭತ್ತ ಬೆಳೆಯುವವರು. ಆ ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು.

ಸುಗ್ಗಿ ಮುಗಿದು ಗದ್ದೆಗಳು ಖಾಲಿಯಾದ ಕೂಡಲೇ ಆ ಭಾಗಕ್ಕೆ ಬಾತುಕೋಳಿ ಕಾಯುವವರು ಬರುತ್ತಾರೆ. ಲಾರಿಯಲ್ಲಿ ಸಾವಿರಗಟ್ಟಲೆ ಬಾತುಗಳನ್ನು ತಂದು ಗದ್ದೆಗೆ ಇಳಿಸುತ್ತಾರೆ. ಉದುರಿದ ಕಾಳು, ಹುಳ, ಬಸವನಹುಳು ತಿನ್ನುತ್ತ ಹಿಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಸಂಜೆಯಾದರೆ ಸುತ್ತ ಬಲೆ ಕಟ್ಟಿ ಅವನ್ನು ಕೂಡಿಹಾಕಿ, ಪಕ್ಕದಲ್ಲೇ ಗುಡಾರ ಹಾಕಿಕೊಂಡು ಮಲಗುತ್ತಾರೆ. ನಾವಿಬ್ಬರೂ ಆ ಮನೆಯಲ್ಲಿದ್ದ ಮೊದಲ ವರ್ಷ ಒಂದು ಗಂಡ ಹೆಂಡತಿ ನಮ್ಮ ಹಿತ್ತಲಿನ ಆಚೆಯ ಗದ್ದೆಯಲ್ಲೇ ಇಳಿದಿದ್ದರು. ಹೆಂಡತಿ ದಿನಾ ಕುಡಿಯುವ ನೀರಿಗೆ ಕೊಡ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು. ಹಿಂಡು ಹೊರಡುವ ದಿನ ಕೊಡದ ಬದಲು ಒಂದು ಬುಟ್ಟಿ ತಂದಳು. ಅದರಲ್ಲಿ ಇನ್ನೂ ಪೂರ್ತಿ ಪುಕ್ಕ ಬಂದಿರದ ನಾಲ್ಕು ಬಾತುಗಳು ಒಂದರ ಮೇಲೊಂದು ಮುದುಡಿಕೊಂಡಿದ್ದವು.

"ಇವು ನಡಿಯಲ್ಲಮ್ಮಾ. ಲಾರಿಯಾಗ ಬ್ಯಾರೆವು ತುಳಿದು ಕಾಲು ಹೋಗ್ಯಾವ. ದಾರಿಯಾಗ ಸಾಯ್ತಾವ. ನೀನ ಇಟ್ಕೋ," ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು.

"ನನಗ ಇವನ್ನ ಸಾಕೂದು ಗೊತ್ತಿಲ್ಲವಾ. ಏನು ತಿಂತಾವ?"

"ಏನು ಹಾಕಿದ್ರೂ ತಿಂತಾವ. ನೀರು ಇರಬೇಕು, ಅಷ್ಟ."

ಬುಟ್ಟಿಯ ಸಮೇತ ಅವನ್ನು ಕಟ್ಟೆಯ ಮೇಲೆ ಬಿಟ್ಟು ಹೋದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸಂಜೆ ಮನೆಗೆ ಬಂದ ನಮ್ಮವರು ಬುಟ್ಟಿಯಲ್ಲಿ ಇಣುಕಿ ನೋಡಿ, "ಸಾಲ್ಯಾಗಿನ ಮಕ್ಕಳು ಸಾಲವಲ್ರೇನು ನಿನಗ?" ಎಂದರು.

ಬಾತುಗಳ ಕಾಲಿಗೆ ಅರಿಶಿನ ಹಚ್ಚಿ, ಬಚ್ಚಲುಮನೆಯ ಮೂಲೆಯಲ್ಲಿ ಹುಲ್ಲು ಹಾಸಿ, ಅಕ್ಕಿ ನುಚ್ಚು ನೆನೆಸಿ ಹಾಕಿದೆ. ಎರಡು ವಾರದಲ್ಲಿ ಮೂರು ಬಾತುಗಳು ನೆಟ್ಟಗೆ ನಡೆದವು. ನಾಲ್ಕನೆಯದರ ಕಾಲು ಸೊಟ್ಟಗೇ ಉಳಿಯಿತು. ಅದು ದೋಣಿಯ ಹಾಗೆ ಒಂದು ಪಕ್ಕಕ್ಕೆ ವಾಲುತ್ತ ನಡೆಯುತ್ತಿತ್ತು. ನೀರಿಗೆ ಬಿದ್ದರೆ ಮಾತ್ರ ಅದಕ್ಕೂ ಉಳಿದವಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಹಗಲೆಲ್ಲ ಹಿತ್ತಲು, ಕಾಲುವೆ ಎಂದು ಅಲೆದುಕೊಂಡಿರುತ್ತಿದ್ದವು. ಕತ್ತಲಾದರೆ ಪಡಸಾಲೆಯಲ್ಲಿ ಅವುಗಳ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ, ಮೇಲೊಂದು ಕಲ್ಲು ಹೇರುತ್ತಿದ್ದೆ. ನಮ್ಮವ್ವ ಅಂಗಳದಲ್ಲಿ ಕೋಳಿಗಳಿಗೆ ಹಾಗೆಯೇ ಮಾಡುತ್ತಿದ್ದಳು.

ನಾನು ಶಾಲೆ ಬಿಟ್ಟು ನಾಲ್ಕೂವರೆಗೆ ಮನೆಯ ಗೇಟು ತೆಗೆದರೆ ಸಾಕು, ಆ ಸದ್ದಿಗೆ ಕಾಲುವೆಯಿಂದ ಎದ್ದು ಕೂಗುತ್ತ ಬರುತ್ತಿದ್ದವು. ಅದರಲ್ಲಿ ಒಂದಂತೂ ಗಡಿಯಾರ ನೋಡಿ ಬರುವಂತೆ ಮೊದಲೇ ಬಂದು ಗೇಟಿನ ಬಳಿ ಕಾದು ನಿಂತಿರುತ್ತಿತ್ತು. ನಮ್ಮವರು ಚೇಷ್ಟೆ ಮಾಡುವುದನ್ನು ಬಿಟ್ಟು ಯಾವಾಗ ಅವುಗಳ ಕಡೆಗೆ ಸೇರಿದರೋ ನನಗೆ ತಿಳಿಯಲಿಲ್ಲ. ಒಂದು ಸಂಜೆ ಅವರ ಊಟದ ಡಬ್ಬಿ ತೊಳೆಯಲು ತೆರೆದರೆ ಒಳಗೆ ಬಸವನಹುಳುಗಳಿದ್ದವು. "ಕಂಬದ ಹಂತ್ಯಾಕ ಭಾಳ ಇದ್ದುವು," ಎಂದರು. ನಾನು ಆ ಡಬ್ಬಿಯನ್ನು ಬಾತುಗಳಿಗೇ ಬಿಟ್ಟು ಅವರಿಗೆ ಹೊಸದು ತಂದೆ.

ಒಂದು ದಿನ ಗಂಗಾವತಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಬಸ್ಸು ತಡವಾಗಿ, ಮನೆ ಸೇರುವಾಗ ಆರು ಗಂಟೆ. ಗೇಟು ತೆಗೆದರೆ ಸದ್ದಿಲ್ಲ. ಪಕ್ಕದ ಮನೆಯ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದರು.

"ಮುಂಗುಸಿ ಬಂದಿತ್ತು ಟೀಚರಮ್ಮಾ. ನಾ ಕಲ್ಲು ತಗೊಂಡು ಓಡೂದ್ರಾಗ ಒಂದನ್ನ ಎಳಕೊಂಡು ಹೋತು."

ಮೂರು ಬಾತುಗಳು ಕಾಲುವೆಯ ನಡುನೀರಿನಲ್ಲಿ ಒತ್ತೊತ್ತಾಗಿ ನಿಂತಿದ್ದವು, ಕರೆದರೂ ದಡಕ್ಕೆ ಬರಲಿಲ್ಲ. ಹೋದದ್ದು ಗೇಟಿನ ಬಳಿ ಕಾಯುತ್ತಿದ್ದ ಬಾತು. ಅದರ ಪುಕ್ಕಗಳು ಗೇಟಿನ ಒಳಗೇ ಬಿದ್ದಿದ್ದವು. ನಾಲ್ಕೂವರೆಗೆ ಅದು ಎಂದಿನ ಹಾಗೆ ನೀರು ಬಿಟ್ಟು ಬಂದು ನನಗಾಗಿ ನಿಂತಿತ್ತು. ಬೇರೆಯವು ನೀರಿನಲ್ಲೇ ಇದ್ದು ಉಳಿದುಕೊಂಡಿದ್ದವು.

ನಾನು ಕಟ್ಟೆಯ ಮೇಲೆ ಕೂತು ಅತ್ತೆ. ಒಂದು ಬಾತುಕೋಳಿಗೆ ಅಳುತ್ತಿದ್ದೇನಲ್ಲ ಎಂಬ ನಾಚಿಕೆಯೂ ಇತ್ತು. ನಮ್ಮವರು ಬಂದವರು ಅಕ್ಕನ ಬಾಯಿಂದ ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ ಚಹಾ ಮಾಡಿ ತಂದರು.

"ತಪ್ಪು ನಂದು. ಬಿಟ್ಟು ಹೋಗಬಾರದಿತ್ತು," ಎಂದೆ.

"ಹಸಿದ ಮುಂಗುಸಿಗೆ ನಿನ್ನ ತಪ್ಪು ಒಪ್ಪು ಏನ್ ಗೊತ್ತು? ಐತವಾರ ಪಂಜರಾ ಮಾಡೂಣು, ಸುಮ್ಕಿರು."

ಭಾನುವಾರ ಕಂಬದ ಕೆಲಸಕ್ಕೆ ಏರುವ ಅದೇ ಶ್ರದ್ಧೆಯಿಂದ ಅವರು ಪಂಜರ ಮಾಡಿದರು. ನಾಲ್ಕು ಮೂಲೆಗೆ ಬಳ್ಳಾರಿ ಜಾಲಿಯ ಗೂಟ, ಸುತ್ತ ಗಂಗಾವತಿಯಿಂದ ತಂದ, ಕೋಳಿಗೂಡಿಗೆ ಕಟ್ಟುವ ತಂತಿಯ ಜಾಳಿಗೆ, ಮೇಲೆ ತೆಂಗಿನ ಗರಿ. ನೋಡಲು ಬಹಳ ಚೆನ್ನಾಗಿತ್ತು. ಮಗಳಿಗೆ ಫೋಟೋ ಕಳಿಸಿದೆವು. ನಾನು ಶಾಲೆಗೆ ಹೋಗುವಾಗ ಬಾತುಗಳನ್ನು ಅದರೊಳಗೆ ಹಾಕಿ ಹೋಗುತ್ತಿದ್ದೆ, ಬಂದ ಮೇಲೆ ಕಾಲುವೆಗೆ ಬಿಟ್ಟು ಹತ್ತಿರವೇ ಕೂತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದೆ. ಕತ್ತಲಾದ ಮೇಲೂ ಅವು ಅಲ್ಲೇ ಮಲಗತೊಡಗಿದವು. ಬುಟ್ಟಿಯನ್ನು ಅಟ್ಟಕ್ಕೆ ಹಾಕಿದೆ.

ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ನುಚ್ಚು ಹಾಕಲು ಹೋದರೆ ಕುಂಟುವ ಬಾತು ಜಾಳಿಗೆಗೆ ಒರಗಿಕೊಂಡು ಬಿದ್ದಿತ್ತು. ಒಂದು ರೆಕ್ಕೆ ಹರಿದು ಚರ್ಮ ಕೆಳಗೆ ಜೋತಿತ್ತು. ಆ ಜಾಗದಲ್ಲಿ ಜಾಳಿಗೆ ಹೊರಕ್ಕೆ ಎಳೆದು ಚೀಲದ ಬಾಯಿಯ ಹಾಗೆ ಅಗಲವಾಗಿತ್ತು. ಉಳಿದ ಎರಡು ಎದುರಿನ ಮೂಲೆಯಲ್ಲಿ ನಡುಗುತ್ತಿದ್ದವು. ಅಕ್ಕ ಬಂದು ಮಣ್ಣಿನಲ್ಲಿದ್ದ ಹೆಜ್ಜೆ ನೋಡಿದರು.

"ಕಾಡುಬೆಕ್ಕು. ಈ ಜೊಂಡಿನಾಗ ಇರ್ತಾವ. ಇವು ಜಾಳಿಗಿಗೆ ಆನಿಕೊಂಡು ಮಲಗ್ಯಾವ, ಅದು ಹೊರಗಿಂದಾನ ಕೈ ಹಾಕಿ ಎಳದೈತಿ."

ಹಳೆಯ ಟವೆಲ್ಲಿನಲ್ಲಿ ಸುತ್ತಿ, ತರಕಾರಿ ಚೀಲದಲ್ಲಿ ಕೂರಿಸಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ನಮ್ಮವರ ಗಾಡಿಯ ಹಿಂದೆ ಕೂತು ಪಶು ಆಸ್ಪತ್ರೆಗೆ ಹೋದೆ. ಅಲ್ಲಿ ಎಮ್ಮೆ, ಆಡು ಹಿಡಿದುಕೊಂಡು ಜನ ನಿಂತಿದ್ದರು. ನನ್ನ ಚೀಲದಿಂದ ಒಂದು ಹಳದಿ ಕೊಕ್ಕು ಹೊರಬಂದಾಗ ಎಮ್ಮೆಯವನೊಬ್ಬ, "ಬಾತುಕೋಳಿಗೂ ಹೊಲಿಗಿ ಹಾಕ್ತಾರೇನ್ರಿ?" ಎಂದು ಕೇಳಿದ. ಅವನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದ. ನನಗೂ ಗೊತ್ತಿಲ್ಲ ಎಂದೆ. ಡಾಕ್ಟರು ಹೊಲಿಗೆ ಹಾಕುವಾಗ ಕಾಲು ಹಿಡಿದುಕೊಳ್ಳಲು ಒಳಗೆ ಬಂದವನು ಅವನೇ. ಬಾತು ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದು ಹೊಲಿಗೆ ಮುಗಿಯುವವರೆಗೂ ಬಿಡಲಿಲ್ಲ. "ಇದು ಬದುಕ್ತೈತ್ರಿ ಅಕ್ಕಾರ, ಕಚ್ಚೂ ಶಕ್ತಿ ಐತಿ," ಎಂದು ಅವನು ಬೆರಳು ಉಜ್ಜಿಕೊಂಡು ತನ್ನ ಎಮ್ಮೆಯ ಕಡೆಗೆ ಹೋದ.

ಡಾಕ್ಟರು ಕೈ ತೊಳೆಯುತ್ತ ನಮ್ಮ ಪಂಜರದ ವಿಷಯ ವಿಚಾರಿಸಿದರು. ನಮ್ಮವರು ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದರು.

"ಆ ಕೋಳಿ ಜಾಳಿಗಿ ಒಳಗಿನವು ಹೊರಗ ಹೋಗದಂಗ ತಡೀತೈತ್ರಿ. ಹೊರಗಿನವು ಒಳಗ ಬರದಂಗ ತಡಿಯಂಗಿಲ್ಲ. ಬೆಕ್ಕು ಹಲ್ಲಿಲೆ ಹರಿತೈತಿ. ಬೆರಳು ಹೋಗದಂಥಾ ಸಣ್ಣ ಕಣ್ಣಿಂದು, ಬೆಸುಗಿ ಹಾಕಿದ ಗಟ್ಟಿ ಜಾಳಿಗಿ ಸಿಗತೈತಿ, ಅದನ್ನ ತಗೋರಿ."

ಮನೆಗೆ ಬಂದದ್ದೇ ನಮ್ಮವರು ಇಕ್ಕಳ ಹಿಡಿದು ಹರಿದ ಜಾಳಿಗೆಯ ಮುಂದೆ ಕೂತರು.

ಅಂದು ಸಂಜೆ ಅಕ್ಕನ ಯಜಮಾನರು ಬಂದು ಪಂಜರದ ಸುತ್ತ ಒಂದು ಸುತ್ತು ಹಾಕಿದರು. ಒಳ್ಳೆಯ ಮನುಷ್ಯ, ಕೇಳದೆಯೇ ಸಹಾಯಕ್ಕೆ ಬರುವವರು. "ಸುತ್ತಲೂ ಒಂದು ತಂತಿ ಎಳೀರಿ. ನೀವ ಲೈನ್‌ಮನ್, ನಿಮಗ ನಾ ಹೇಳಬೇಕೇನ್ರಿ? ಮಲಗೂ ಮುಂದ ಕರೆಂಟ್ ಬಿಟ್ರ ಆತು. ಗದ್ದಿಗೆ ಹಂದಿ ಬರದಂಗ ಮಂದಿ ಮಾಡ್ತಾರಲ್ಲ," ಎಂದರು.

ನಮ್ಮವರು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟರು.

"ಅಣ್ಣಾರ, ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ. ನಾ ಯಲಬುರ್ಗಾ ಕಡೆ ಇದ್ದಾಗ ಒಬ್ಬಾಂವ ಹಂದಿಗಂತ ತಂತಿ ಕಟ್ಟಿದ್ದ. ಮುಂಜಾನೆ ಅದಕ್ಕ ಹತ್ತಿದ್ದು ಅವನ ಸ್ವಂತ ತಮ್ಮ. ಕಂಬಾ ಏರಿ ಲೈನ್ ಬಂದ್ ಮಾಡಿ, ಅವನ್ನ ಬಿಡಿಸಿ ಮಲಗಿಸಿದಾಂವ ನಾನ. ತಂತಿಗೆ ಬೆಕ್ಕು ಯಾವುದು ಮನಷ್ಯಾ ಯಾವಾಂವ ತಿಳಿಯಂಗಿಲ್ರಿ."

ಅಕ್ಕನ ಯಜಮಾನರು ತಲೆ ತಗ್ಗಿಸಿ, "ತಪ್ಪಾತು ಬಿಡ್ರಿ," ಎಂದರು. ಮದುವೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಈ ಸಂಗತಿ ನನಗೆ ಗೊತ್ತಿರಲಿಲ್ಲ. ಯಲಬುರ್ಗಾದಲ್ಲಿದ್ದಾಗ ಒಮ್ಮೆ ಅವರು ಎರಡು ದಿನ ಸರಿಯಾಗಿ ಉಣ್ಣದೆ, ಕೇಳಿದರೆ ಹೊಟ್ಟೆನೋವು ಎಂದದ್ದು ನೆನಪಾಯಿತು. ಆಮೇಲೆ ಅವರಾಗಿಯೇ ಹೇಳಿಕೊಂಡರು, ನಾನು ಕೇಳಿಸಿಕೊಂಡೆ.

ನಮ್ಮವ್ವನಿಗೆ ಫೋನಿನಲ್ಲಿ ಬಾತಿನ ವಿಷಯ ಹೇಳಿದೆ. ಅವ್ವ ಅಣ್ಣನ ಸಂಸಾರದ ಜೊತೆ ಊರಲ್ಲಿರುತ್ತಾಳೆ. ಚಿಕ್ಕಂದಿನಿಂದ ಕೋಳಿ ಸಾಕಿದ ಕೈ. "ಹುಲಿಗೆಮ್ಮಗ ಹೋಗೂದು ಹರಕಿ ಐತಿ, ನಿನ್ನಲ್ಲಿ ಬಂದು ಅದನ್ನೂ ಮುಗಿಸಿಕೊಂಡು ಹೊಕ್ಕೀನಿ," ಎಂದು ಮೂರನೆಯ ದಿನ ಜೋಳದ ಹಿಟ್ಟಿನ ಗಂಟು ಹೊತ್ತು ತಾವರಗೇರಾ ಬಸ್ಸಿನಲ್ಲಿ ಬಂದೇಬಿಟ್ಟಳು. ಬಂದವಳು ಮುಖಕ್ಕೆ ನೀರು ಹಾಕಿಕೊಂಡು ನೇರ ಹಿತ್ತಲಿಗೆ ಹೋದಳು. ಪಂಜರವನ್ನು ಮೂರು ಸುತ್ತು ಸುತ್ತಿದಳು. ಹೆಬ್ಬೆರಳಿನಿಂದ ಜಾಳಿಗೆಯನ್ನು ಒತ್ತಿ ನೋಡಿದಳು. ಒಂದು ಕಡ್ಡಿ ತೆಗೆದುಕೊಂಡು ಬುಡದ ಮಣ್ಣಿಗೆ ಚುಚ್ಚಿದಳು. ಕಡ್ಡಿ ಸಲೀಸಾಗಿ ಒಳಗೆ ಹೋಯಿತು.

"ಅಳಿಯಂದ್ರು ಛಲೋ ಕಟ್ಟ್ಯಾರ. ಆದ್ರ ನಿಂತು ಕಟ್ಟ್ಯಾರ. ಬೆಕ್ಕು ಮುಂಗುಸಿ ನಿಂತು ನೋಡಂಗಿಲ್ಲ."

"ಮತ್ತ ಹೆಂಗ ನೋಡಬೇಕ್ರಿ ಅತ್ತಿ?" ಎಂದರು ನಮ್ಮವರು.

"ತೆಳಗ ಕುಂತು ನೋಡ್ರಿ. ನಿಮಗ ಹಸಿವಿ ಆಗೈತಿ, ಒಳಗ ಹೋಗಬೇಕಾಗೈತಿ, ಎಲ್ಲಿಂದ ಹೊಕ್ಕೀರಿ?"

ಅವರು ಒಂದು ಗಳಿಗೆ ಅತ್ತೆಯ ಮುಖ ನೋಡಿದರು. ಆಮೇಲೆ ಪ್ಯಾಂಟು ಮಡಚಿ, ಮೊಣಕಾಲೂರಿ, ಎರಡೂ ಕೈ ನೆಲಕ್ಕೆ ಹಚ್ಚಿ ಪಂಜರದ ಸುತ್ತ ಹೊರಟರು. ನನ್ನ ಚೀಲದಿಂದ ಚಾಕ್‌ಪೀಸ್ ಕೇಳಿ ತೆಗೆದುಕೊಂಡರು. ಬಾಗಿಲಿನ ಕೆಳಗೆ ಎರಡು ಬೆರಳಿನ ಸಂದು, ಅಲ್ಲೊಂದು ಗುರುತು. ಮೂಲೆಯಲ್ಲಿ ಮೊಳೆ ಬಿಟ್ಟುಕೊಂಡ ಜಾಳಿಗೆ, ಅಲ್ಲೊಂದು. ನೀರು ಹರಿದು ಮಣ್ಣು ಮೆತ್ತಗಾದ ಕಡೆ ನೆಲಕ್ಕೇ ಒಂದು ಗೆರೆ. ಅವ್ವ ಹಿಂದಿನಿಂದ ಕಡ್ಡಿ ತೋರಿಸುತ್ತ, "ಅಲ್ಲೆ ನೋಡ್ರಿ, ಗರಿ ಮ್ಯಾಲಿಂದ ಇಳಿತೈತಿ," ಎನ್ನುತ್ತಿದ್ದಳು. ಗೋಡೆಯ ಆಚೆಯಿಂದ ಇದನ್ನು ನೋಡಿದ ಅಕ್ಕ, "ಸರ್‌ಗೆ ಏನಾತು?" ಎಂದು ಗಾಬರಿಯಿಂದ ಓಡಿ ಬಂದರು. ವಿಷಯ ತಿಳಿದ ಮೇಲೆ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು. ಹೊರಡಲಿಲ್ಲ, ಅವರೂ ಅಲ್ಲೇ ಕೂತು ಸಂದು ಹುಡುಕತೊಡಗಿದರು. ಮುಗಿಯುವ ಹೊತ್ತಿಗೆ ಒಂದು ಚಾಕ್‌ಪೀಸ್ ಸವೆದಿತ್ತು. ನಮ್ಮವರು ಎದ್ದು ನಿಂತು ಮೊಣಕಾಲು ಕೊಡವಿಕೊಂಡು, "ಇದನ್ನ ಕಿತ್ತಿ ಒಗೆಯೂದ ಛಲೋ," ಎಂದರು.

ಅವ್ವನಿಗೆ ಒಣಭೂಮಿಯ ಪ್ರಾಣಿಗಳು ಗೊತ್ತು, ಅಕ್ಕನಿಗೆ ನೀರಾವರಿಯವು. ಇಬ್ಬರೂ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ, ಯಾವುದು ಹತ್ತುತ್ತದೆ, ಯಾವುದು ತೋಡುತ್ತದೆ, ಯಾವುದು ಹಾರಿ ಬರುತ್ತದೆ ಎಂದು ಲೆಕ್ಕ ಹಾಕಿದರು. ಮುಂಗುಸಿ ತೋಡುತ್ತದೆ. ಕಾಡುಬೆಕ್ಕು ಹತ್ತುತ್ತದೆ, ಕೈ ಹಾಕುತ್ತದೆ. ನಾಯಿ ಮೈಯೊಡ್ಡಿ ದೂಡುತ್ತದೆ. ಬಾತು ಉಳಿಸಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಅವ್ವ ಗಿಡುಗದ ಮಾತೆತ್ತಿದರೆ ಅಕ್ಕ, ಇಷ್ಟು ದೊಡ್ಡ ಬಾತನ್ನು ಅದು ಎತ್ತುವುದಿಲ್ಲ ಎಂದರು. "ಎತ್ತಂಗಿಲ್ಲ ಖರೆ, ಆದ್ರ ಹೆದರಸ್ತೈತಿ," ಎಂದು ಅವ್ವ ಪಟ್ಟು ಬಿಡಲಿಲ್ಲ. ಎರಡೇ ದಿನದಲ್ಲಿ ಅವರಿಬ್ಬರೂ ಎಷ್ಟು ಹೊಂದಿಕೊಂಡರೆಂದರೆ, ಶುಕ್ರವಾರ ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ, ನನ್ನನ್ನು ಬಿಟ್ಟು ಇಬ್ಬರೇ ಹೋಗಿ ಬಂದರು. ಬಸ್ಸಿನಿಂದ ಇಳಿದು ಬಂದ ಅವ್ವ ನನ್ನ ಕೈಗೆ ಬಳೆ, ಭಂಡಾರದ ಅರಿಶಿನ ಕೊಟ್ಟು, ಚಪ್ಪಲಿ ಬಿಡದೆಯೇ ಹಿತ್ತಲಿಗೆ ನಡೆದಳು, ಅಂದು ಎಷ್ಟು ಕೆಲಸ ಆಗಿದೆ ಎಂದು ನೋಡಲು.

ಊರಲ್ಲಿ ಬಿದ್ದುಹೋದ ಹಳೆಯ ಮನೆಯ ಕಲ್ಲು ಚಪ್ಪಡಿಗಳಿದ್ದವು. ಅಕ್ಕನ ಯಜಮಾನರು ಅವನ್ನು ಟ್ರ್ಯಾಕ್ಟರಿನಲ್ಲಿ ತಂದು ಹಾಕಿದರು, ಕರೆಂಟಿನ ಮಾತು ಆಡಿದ್ದಕ್ಕೆ ದಂಡ ಕಟ್ಟುವವರ ಹಾಗೆ. ಮೊಣಕಾಲೆತ್ತರಕ್ಕೆ ಸುತ್ತ ಚಪ್ಪಡಿ ನಿಲ್ಲಿಸಿದೆವು. ಇನ್ನು ಬಾತು ಒರಗಿ ಮಲಗಿದರೂ ಬೆನ್ನಿಗೆ ಕಲ್ಲೇ ಸಿಗಬೇಕು. ಅದರ ಮೇಲೆ ಸಣ್ಣ ಕಣ್ಣಿನ ಗಟ್ಟಿ ಜಾಳಿಗೆ. ಮೇಲೆ ತಗಡು, ತಗಡಿಗೂ ಜಾಳಿಗೆಗೂ ನಡುವೆ ಗಾಳಿಯಾಡಲು ಬಿಟ್ಟ ಸಂದಿಗೂ ಜಾಳಿಗೆಯೇ. ಬುಡಕ್ಕೆ ಏನು ಮಾಡುವುದೆಂಬುದರಲ್ಲಿ ನಮ್ಮವರಿಗೂ ಅವ್ವನಿಗೂ ವಾದವಾಯಿತು. ಅವರು ಜಾಳಿಗೆಯನ್ನು ನೇರವಾಗಿ ಎರಡು ಮೊಳ ಆಳಕ್ಕೆ ಹೂಳಬೇಕೆಂದು ಗುದ್ದಲಿ ಹಿಡಿದು ನಿಂತಿದ್ದರು.

"ಅಷ್ಟು ಆಳ ಯಾಕ ತೋಡ್ತೀರಿ? ಹೊರಗಿನ ಕಡೆ ಮಡಚಿ ನೆಲದ ಮ್ಯಾಲ ಹಾಸ್ರಿ, ಮಣ್ಣು ಮುಚ್ಚಿ ಕಲ್ಲು ಹೇರ್ರಿ. ತೋಡೂ ಪ್ರಾಣಿ ಯಾವಾಗ್ಲೂ ಗ್ವಾಡಿ ಬುಡಕ್ಕ ತೋಡ್ತೈತಿ. ಅಲ್ಲೆ ಜಾಳಿಗಿ ಹತ್ತಿದ್ರ, ನಾಕು ಹೆಜ್ಜಿ ಹಿಂದ ಸರದು ತೋಡಬೇಕು ಅನ್ನೂ ಬುದ್ಧಿ ಅದಕ್ಕಿಲ್ಲ," ಎಂದಳು ಅವ್ವ.

ಅವಳು ಹೇಳಿದಂತೆಯೇ ಮಾಡಿದೆವು. ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ. ಸಂಜೆ ಒಳಗೆ ಒಂದು ಕಾಳೂ ಉಳಿಯದಂತೆ ಗುಡಿಸುವ ಕೆಲಸ ನನ್ನದಾಯಿತು.

ಇದೆಲ್ಲ ನಡೆಯುವಾಗ ಹೊಲಿಗೆ ಹಾಕಿಸಿಕೊಂಡ ಬಾತು ಬಚ್ಚಲುಮನೆಯಲ್ಲಿತ್ತು, ಉಳಿದೆರಡೂ ಅದರ ಜೊತೆಗೇ ಇದ್ದವು. ಹಕ್ಕಿ ಪಕ್ಷಿಯನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು ಎಂದು ಜೀವನವಿಡೀ ಹೇಳಿದ ಅವ್ವ, ಬೆಳಿಗ್ಗೆ ಸ್ನಾನಕ್ಕೆ ಹೋದರೆ ಅರ್ಧ ಗಂಟೆ ಹೊರಬರುತ್ತಿರಲಿಲ್ಲ. ಬಾಗಿಲಾಚೆ ಅವಳ ದನಿ ಕೇಳುತ್ತಿತ್ತು. "ಯಾಕ ಹಂಗ ನೋಡ್ತಿ? ನಂದೂ ಮೊಣಕಾಲು ಸೊಟ್ಟನ ಐತಿ. ನಡಿಯಂಗಿಲ್ಲೇನು ನಾನು?" ಹದಿನೈದು ದಿನ ಇದ್ದು, ಬಾತುಗಳು ಹೊಸ ಮನೆಗೆ ಹೋಗಿ ಎರಡು ರಾತ್ರಿ ಕಳೆದದ್ದನ್ನು ನೋಡಿಕೊಂಡೇ ಅವಳು ಊರಿಗೆ ಹೋದಳು.

ಮುಂದಿನ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ಕಾಣುತ್ತದೆ. ಬಿದ್ದ ಗೋಡೆಯ ಸಂದಿಯಿಂದ ಮುಂಗುಸಿ ಬಂತು. ಸುತ್ತ ನೋಡಿ, ಬಾತುಗಳ ಮನೆಯ ಬುಡಕ್ಕೆ ಹೋಗಿ ಕಲ್ಲುಗಳ ಸಂದಿಯಲ್ಲಿ ತೋಡತೊಡಗಿತು. ಮಣ್ಣು ಹಾರಿತು, ಜಾಳಿಗೆ ಸಿಕ್ಕಿತು. ಒಂದು ಮಾರು ಆಚೆ ಹೋಗಿ ತೋಡಿತು, ಅಲ್ಲೂ ಜಾಳಿಗೆ. ಹೀಗೆ ಸುತ್ತಲೂ ಹೋಗಿ, ಬಾಗಿಲ ಬಳಿ ಹಿಂಗಾಲಿನ ಮೇಲೆ ಎದ್ದು ನಿಂತು ಜಾಳಿಗೆಯೊಳಗೆ ನೋಡಿತು. ಒಳಗೆ ಮೂರೂ ಬಾತುಗಳು ಊರಿಗೇ ಕೇಳುವಂತೆ ಬೈದವು. ಓಡಿಸಬೇಕೆಂದು ನಾನು ಲಟ್ಟಣಿಗೆ ಹಿಡಿದು ಬಾಗಿಲವರೆಗೆ ಹೋದವಳು ಅಲ್ಲೇ ನಿಂತೆ. ಅದು ಇನ್ನೊಂದು ಗಳಿಗೆ ನಿಂತು, ಇಳಿದು, ಬಂದ ದಾರಿಯಲ್ಲೇ ಹೋಯಿತು. ತವೆಯ ಮೇಲಿನ ರೊಟ್ಟಿ ಸುಟ್ಟಿತ್ತು. ಅಂದು ಆ ರೊಟ್ಟಿಯನ್ನು ನಾನೇ ಸಂತೋಷದಿಂದ ತಿಂದೆ.

ಮುಂಗುಸಿಯ ಮೇಲೆ ನನಗಿದ್ದ ಸಿಟ್ಟು ಆಗಲೂ ಪೂರ್ತಿ ಹೋಗಿರಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಅದು ಕಾಲುವೆಯ ದಂಡೆಯ ಮೇಲೆ ಹೋಗುತ್ತಿತ್ತು, ಹಿಂದೆ ಮೂರು ಮರಿ. ಒಂದರ ಬಾಲಕ್ಕೆ ಇನ್ನೊಂದರ ಮೂತಿ ತಾಗಿಸಿಕೊಂಡು, ಒಂದು ಉದ್ದ ಹಗ್ಗವೇ ಹರಿದಾಡಿದಂತೆ ಸಾಗಿದವು. ನಮ್ಮವರನ್ನು ಕರೆದು ತೋರಿಸಿದೆ. ಇಬ್ಬರೂ ಅವು ಜೊಂಡಿನೊಳಗೆ ಮರೆಯಾಗುವವರೆಗೆ ನೋಡಿದೆವು. "ಇಲಿ ತಿಂದು ಬೆಳಿಲಿ ಬಿಡು," ಎಂದರು ಅವರು. ಅಂದಿನಿಂದ ನನಗೆ ಸಿಟ್ಟಿಗಿಂತ ಎಚ್ಚರವೇ ಸಾಕೆನಿಸಿತು. ಸಂಜೆ ಹೊತ್ತಿಗೆ ಸರಿಯಾಗಿ ಚಿಲಕ ಹಾಕಿದರೆ ಅದರ ಪಾಡಿಗೆ ಅದು, ನಮ್ಮ ಪಾಡಿಗೆ ನಾವು.

ಮರುವರ್ಷದ ಸುಗ್ಗಿಯಾಯಿತು. ಆ ಬಾತು ಕಾಯುವ ಗಂಡ ಹೆಂಡತಿ ಮತ್ತೆ ಬಂದು ಅದೇ ಗದ್ದೆಗೆ ಹಿಂಡು ಇಳಿಸಿದರು. ಭಾನುವಾರ ಬೆಳಿಗ್ಗೆ ನಮ್ಮ ಮೂರನ್ನೂ ಕಾಲುವೆಗೆ ಬಿಟ್ಟು ನಾನು ಬಟ್ಟೆ ಒಣಹಾಕುತ್ತಿದ್ದೆ. ತಿರುಗಿ ನೋಡಿದರೆ ಕಾಲುವೆ ಬರಿದು. ಹಿಂಡಿನ ಸದ್ದು ಕೇಳಿ ಅವು ನೀರಿನ ಜೊತೆಗೇ ಕೆಳಗೆ ಹೋಗಿ ಗದ್ದೆ ಹತ್ತಿದ್ದವು. ನಾನು ಓಡಿದೆ. ಗದ್ದೆಯ ತುಂಬ ಒಂದೇ ಬಣ್ಣದ, ಒಂದೇ ದನಿಯ ಸಾವಿರ ಬಾತುಗಳು. ಕುಂಟುವುದನ್ನು ಗುರುತಿಸೋಣವೆಂದರೆ ಕೆಸರಿನಲ್ಲಿ ಎಲ್ಲವೂ ಕುಂಟಿದಂತೆಯೇ ಕಾಣುತ್ತಿದ್ದವು.

ಆ ಹೆಂಗಸು ನನ್ನ ಗುರುತು ಹಿಡಿದು, ವಿಷಯ ತಿಳಿದು ನಕ್ಕಳು. "ಮೂರು ನಾನ ಹಿಡಿದು ಕೊಡ್ತೀನಿ ತಗೋ. ಯಾವಾದ್ರೇನು?"

"ಇಲ್ಲವಾ, ನನಗ ನನ್ನವ ಬೇಕು," ಎಂದೆ.

ಮನೆಗೆ ಹೋಗಿ, ಸಂಜೆ ನುಚ್ಚು ಹಾಕುವಾಗ ಬಡಿಯುವ ಆ ಹಳೆಯ ಡಬ್ಬಿಯನ್ನೂ ಚಮಚವನ್ನೂ ತಂದು ಬದುವಿನ ಮೇಲೆ ನಿಂತು ಬಡಿದೆ, "ಬಾ ಬಾ ಬಾ" ಎಂದು ಕೂಗಿದೆ. ಹಿಂಡಿಗೆ ಹಿಂಡೇ ತಲೆಯೆತ್ತಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಎಲ್ಲ ತಲೆಗಳೂ ಕೆಸರಿಗೆ ಬಗ್ಗಿದವು. ಮತ್ತೆ ಬಡಿದೆ. ಎಡಗಡೆಯಿಂದ ಒಂದು ಬಂತು. ಸ್ವಲ್ಪ ಹೊತ್ತಿನ ಮೇಲೆ ದೂರದ ಮೂಲೆಯಿಂದ ಇನ್ನೊಂದು. ಕುಂಟುವುದು ಬರಲಿಲ್ಲ. ಬಡಿದು ಬಡಿದು ಕೈ ಸೋತು, ಇನ್ನು ಹೊರಡೋಣ ಎನ್ನುವಾಗ ಹಿಂಡಿನ ನಡುವೆ ದಾರಿ ಮಾಡಿಕೊಂಡು, ಎಡವಿ, ಬಿದ್ದು, ಎದ್ದು, ವಾಲುತ್ತ ವಾಲುತ್ತ ಬಂತು. ಹೊಲಿಗೆ ಹಾಕಿದ ರೆಕ್ಕೆ ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲ. ಅದನ್ನೆತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಸೀರೆಯೆಲ್ಲ ಕೆಸರು.

ಆ ಹೆಂಗಸು ನಗುವುದನ್ನು ಬಿಟ್ಟು ನೋಡುತ್ತಿದ್ದಳು. ನನ್ನ ಜೊತೆಗೇ ಹಿತ್ತಲಿಗೆ ಬಂದು ಬಾತುಗಳ ಮನೆಯನ್ನು ಮುಟ್ಟಿ ಮುಟ್ಟಿ ನೋಡಿದಳು. ಅವರ ಹಿಂಡಿಗೆ ಇರುವುದು ಬಲೆಯೊಂದೇ. ಊರೂರಿನಲ್ಲೂ ನಾಯಿ, ನರಿ ಒಂದಿಷ್ಟು ಹೊಡೆದುಕೊಂಡು ಹೋಗುತ್ತವೆ ಎಂದಳು. ನಮ್ಮವರು ಉಳಿದಿದ್ದ ಜಾಳಿಗೆಯಿಂದ, ಕಾಯಿಲೆ ಬಿದ್ದವನ್ನು ಬೇರೆ ಇಡಲು ಹೊತ್ತೊಯ್ಯುವಂಥ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಅವಳು ಹೊರಡುವಾಗ ಅದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಳು.

ಈಗ ನಮ್ಮ ಬಾತುಗಳಿಗೆ ಮೂರು ವರ್ಷ. ಎರಡು ಹೆಣ್ಣು, ಕುಂಟುವುದು ಗಂಡು. ನಾವು ತತ್ತಿ ತಿನ್ನುವವರಲ್ಲ. ತತ್ತಿಗಳೆಲ್ಲ ಅಕ್ಕನ ಮನೆಗೆ ಹೋಗುತ್ತವೆ, ಅಲ್ಲಿಂದ ಆವಕಾಯಿ ಉಪ್ಪಿನಕಾಯಿ ಬರುತ್ತದೆ. ಬಾತುಗಳ ಮನೆಯ ಸುದ್ದಿ ನಮ್ಮ ಶಾಲೆಯ ಶಿಕ್ಷಕಿಯರ ಬಾಯಲ್ಲಿ ಅಲ್ಲಿ ಇಲ್ಲಿ ಹಬ್ಬಿತು. ಇರಕಲ್ಲಗಡದಿಂದ ಒಬ್ಬರು ಬಂದು ಅಳತೆ ತೆಗೆ‌ದುಕೊಂಡು ಹೋದರು. ನಮ್ಮವರು ಭಾನುವಾರಗಳಲ್ಲಿ ಜಾಳಿಗೆ ಕತ್ತರಿಸುವ ಇಕ್ಕಳ ಹಿಡಿದು ಯಾರದಾದರೂ ಮನೆಗೆ ಹೋಗುವುದು ರೂಢಿಯಾಗಿದೆ.

ಹೋದ ತಿಂಗಳು ಹುಲಿಹೈದರಕ್ಕೆ ಹೋಗಿದ್ದೆವು. ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯ ತಾಯಿ ಅಲ್ಲಿ ಪಾರಿವಾಳ ಸಾಕಿದ್ದಾರೆ. ಬೆಕ್ಕಿನ ಕಾಟ ಹೆಚ್ಚಾಗಿದೆ ಎಂದು ಕರೆಸಿದ್ದರು. ನಮ್ಮವರು ಹೋದವರೇ ಗೂಡಿನ ಮುಂದೆ ಮೊಣಕಾಲೂರಿ ಕೂತರು. ಆ ತಾಯಿ, ನಮ್ಮ ಜೊತೆ ಬಂದಿದ್ದ ಮಗಳ ಮುಖ ನೋಡಿದರು. ನಾನು, "ಇರ್ಲಿ ಬಿಡ್ರಿ, ಅವ್ರು ಹಂಗ ನೋಡೂದು," ಎಂದೆ.

"ಇಲ್ಲೆ ಏನೇನು ಬರ್ತಾವ್ರಿ ಅಮ್ಮಾರ?" ಎಂದು ಅವರು ಕೂತಲ್ಲಿಂದಲೇ ಕೇಳಿದರು.

"ಬೆಕ್ಕು ಬರ್ತೈತಿ. ಹಾವು ಬರ್ತೈತಿ. ಮ್ಯಾಲ ಗಿಡುಗ. ಮತ್ತ ಆ ಗುಡ್ಡದಾಗ ಚಿರತಿ ಐತಿ ಅಂತಾರ, ಹ್ವಾದ ವರ್ಷ ಒಂದು ಆಡು ಒಯ್ದೈತಿ."

ನಮ್ಮವರು ತಿರುಗಿ ಬಂಡೆಗಳ ಗುಡ್ಡವನ್ನು ಸ್ವಲ್ಪ ಹೊತ್ತು ನೋಡಿದರು. "ಬೆಕ್ಕಿಗೆ, ಹಾವಿಗೆ ನಾ ಜವಾಬ್ದಾರ. ಚಿರತಿ ಬಂದ್ರ ಗೂಡು ಬಿಟ್ಟು ನೀವು ಒಳಗ ಹೋಗಿ ಬಾಗಲಾ ಹಾಕ್ಕೋರಿ," ಎಂದರು.

ಆ ತಾಯಿ ನಗುತ್ತ, ಮೊದಲು ಊಟ ಮಾಡಿ ಎಂದು ಎಬ್ಬಿಸಿದರು. ಎಣ್ಣೆಗಾಯಿ, ಬಿಸಿ ರೊಟ್ಟಿ, ಕೆನೆ ಮೊಸರು. ಊಟ ಮುಗಿಸಿ ನಮ್ಮವರು ಗುದ್ದಲಿ ಕೇಳಿ ಪಡೆದು ಕೆಲಸಕ್ಕೆ ಹತ್ತಿದರು. ನಾನು ಬೇವಿನ ಮರದ ಕಟ್ಟೆಯ ಮೇಲೆ ಕೂತು, ಮಾಳಿಗೆಯ ಅಂಚಿನಲ್ಲಿ ಪಾರಿವಾಳಗಳು ಒಂದನ್ನೊಂದು ದೂಡುತ್ತ ಜಾಗ ಮಾಡಿಕೊಳ್ಳುವುದನ್ನು ನೋಡುತ್ತಿದ್ದೆ.